ಎಡಗೈ ಹೊಲಿಗೆ

ಮಿಮೋಜಾಳ ಬೆರಳುಗಳು ಕೊನೆಯ ದಿನದವರೆಗೂ ಸರಿಯಾಗಿದ್ದವು ಎಂದು ತೋರಿಸಲು ಯಜಮಾನ ಮೂರು ಬ್ಯಾಗುಗಳನ್ನು ಸಾಕ್ಷಿಗೆ ಇಟ್ಟ. ಮೂರನ್ನೂ ಹೊಲಿದವಳು ನಾನು. ಅವಳ ಹೊಲಿಗೆಯಂತೆಯೇ ಹೊಲಿದಿದ್ದೆ. ಯಾರಿಗೂ ಗೊತ್ತಾಗದ ಹಾಗೆ ಹೊಲಿದಿದ್ದೆ. ಅದೇ ಅವಳ ಕುತ್ತಿಗೆಗೆ ಬಂತು.

ನನ್ನ ಹೆಸರು ಫಿಲೋಮೆನಾ. ಮೇನಾ ಅಂದರೆ ಸಾಕು. ಹುಟ್ಟೂರು ದಕ್ಷಿಣ ಇಟಲಿಯ ಸೊಲೋಫ್ರಾ. ಅಲ್ಲಿ ಮನೆಗೊಬ್ಬರು ತೊಗಲು ಹದ ಮಾಡುವವರು. ನನ್ನಪ್ಪ ನಲವತ್ತು ವರ್ಷ ಸುಣ್ಣದ ನೀರಿನಲ್ಲಿ ಕೈಯಿಟ್ಟ. ಸಾಯುವಾಗ ಅವನ ಬೆರಳಲ್ಲಿ ಉಗುರೇ ಇರಲಿಲ್ಲ. ಮದುವೆಯಾಗಿ ಫ್ಲಾರೆನ್ಸಿಗೆ ಬಂದೆ. ಇಲ್ಲಿಯೂ ತೊಗಲು ನನ್ನನ್ನು ಬಿಡಲಿಲ್ಲ. ಆರ್ನೋ ನದಿಯಾಚೆಯ ಓಣಿಯಲ್ಲಿ ಯಜಮಾನ ಲಾನ್‌ಫ್ರೆದಿಯ ಅಂಗಡಿ. ಅದರ ನೆಲಮಾಳಿಗೆಯಲ್ಲಿ ಹತ್ತೊಂಬತ್ತು ವರ್ಷ ಹಳೆಯ ಬ್ಯಾಗುಗಳನ್ನು ಹೊಸದು ಮಾಡಿದೆ.

ಕೆಲಸ ಇಷ್ಟೇ. ದೊಡ್ಡವರ ಮನೆಯ ಬ್ಯಾಗುಗಳು ಬರುತ್ತವೆ. ಅಜ್ಜಿಯದು, ಅತ್ತೆಯದು, ತೀರಿಹೋದ ಅಮ್ಮನದು. ಮೂಲೆ ಸವೆದಿರುತ್ತದೆ, ಹಿಡಿ ಕಿತ್ತಿರುತ್ತದೆ, ಒಳಗೆ ಬೂಷ್ಟು ಹಿಡಿದು ಲೈನಿಂಗ್ ಬಟ್ಟೆ ಪುಡಿಪುಡಿಯಾಗಿರುತ್ತದೆ. ನಾವು ಕೊಳೆ ತೆಗೆಯುತ್ತೇವೆ, ಎಣ್ಣೆ ಕುಡಿಸುತ್ತೇವೆ, ಬಣ್ಣ ಹಾಕುತ್ತೇವೆ. ಹಳೆ ದಾರ ಬಿಚ್ಚಿ ಹೊಸ ದಾರ ಹೊಲಿಯುತ್ತೇವೆ. ಕೊನೆಗೆ ಹೊಸ ಲೈನಿಂಗನ್ನು ಸಲ್ಯೂಷನ್ನಿನಿಂದ ಅಂಟಿಸಿ ಮುಚ್ಚುತ್ತೇವೆ. ಹೊಲಿಯುವಾಗ ಸೂಜಿ ಹಳೆಯ ತೂತಿನಲ್ಲೇ ಹೋಗಬೇಕು. ಒಂದೇ ಒಂದು ಹೊಸ ತೂತು ಬಿದ್ದರೂ ಬ್ಯಾಗು ಕೆಟ್ಟಿತೆಂದೇ ಲೆಕ್ಕ. ನಮ್ಮ ಕೈ ಅಲ್ಲಿ ಆಡಿದೆ ಎನ್ನುವ ಗುರುತೇ ಇರಬಾರದು. ಅದನ್ನೇ ನಮಗೆ ಕಲಿಸಿದ್ದು, ಅದಕ್ಕೇ ನಮ್ಮನ್ನು ಇಟ್ಟುಕೊಂಡಿದ್ದು.

ನೆಲಮಾಳಿಗೆಗೆ ಒಂದು ಕಿಟಕಿ, ರಸ್ತೆಯ ಮಟ್ಟದಲ್ಲಿ. ಹೋಗಿಬರುವವರ ಬೂಟು ಕಾಣುತ್ತದೆ. ಅದನ್ನು ಯಾವತ್ತೂ ತೆಗೆಯುವಂತಿರಲಿಲ್ಲ. ಗೋಡೆಯಲ್ಲಿ ಫ್ಯಾನ್ ಇತ್ತು. ಅದನ್ನೂ ಹಾಕುವಂತಿರಲಿಲ್ಲ. ಹಸಿ ಬಣ್ಣದ ಮೇಲೆ ಧೂಳು ಕೂರುತ್ತದಂತೆ. ಬಣ್ಣ ಹಾಕಿದ ಬ್ಯಾಗು ಎರಡು ದಿನ ಒಣಗಬೇಕು. ಬಣ್ಣದ ಬ್ಯಾಗು ಇಲ್ಲದ ದಿನವೇ ಇರಲಿಲ್ಲ. ಸಲ್ಯೂಷನ್ ಡಬ್ಬಿ ಮೇಜಿನ ಮೇಲೆ ಬಾಯಿ ತೆರೆದೇ ಇರುತ್ತಿತ್ತು, ಗಳಿಗೆಗೊಮ್ಮೆ ಅದ್ದಬೇಕು, ಮುಚ್ಚಿ ತೆಗೆಯಲು ಪುರಸೊತ್ತು ಯಾರಿಗೆ? ಮಧ್ಯಾಹ್ನದ ಹೊತ್ತಿಗೆ ತಲೆ ಹಗುರಾಗಿ ಸುಮ್ಮನೆ ನಗು ಬರುತ್ತಿತ್ತು. ಸಂಜೆ ಟ್ರಾಮ್ ಹತ್ತುವ ಮೊದಲು ವಾಂತಿ ಬರುತ್ತಿತ್ತು. ಬ್ಯಾಗುಗಳಿಗೆ ಮಾತ್ರ ಬಿಸಿಲು ತಾಗಬಾರದು, ಸೆಕೆಯಾಗಬಾರದು, ಹೊಟ್ಟೆಗೆ ಕಾಗದ ತುಂಬಿ, ಹತ್ತಿಬಟ್ಟೆ ಹೊದಿಸಿ ಮಲಗಿಸಬೇಕು. ಹಾಗೆ ಹೊದಿಸುವಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಮೇಲೆ ಅಂಗಡಿಯ ಗಾಜಿನ ಹಿಂದೆ ನಾವು ಮಾಸ್ತ್ರೋ, ಅಂದರೆ ಗುರು, ಎನ್ನುತ್ತಿದ್ದ ಒರೆಸ್ತೆ ಕೂರುತ್ತಿದ್ದ. ಎಂಬತ್ತರ ಮೇಲಾಗಿದೆ. ಬಿಳಿ ಮೀಸೆ, ಇಸ್ತ್ರಿ ಮಾಡಿದ ಏಪ್ರನ್. ಒಂದು ಕಾಲಕ್ಕೆ ಈ ಊರಿನಲ್ಲೇ ಅಂಥ ಕೈ ಇರಲಿಲ್ಲ. ದಾರದ ಎರಡು ತುದಿಗೂ ಸೂಜಿ ಪೋಣಿಸಿ ಹಿಂದೆ ಮುಂದೆ ಹಾಕುವ ಎರಡು ಸೂಜಿಯ ಹೊಲಿಗೆ ನನಗೆ ಕಲಿಸಿದವನೇ ಅವನು. ಈಗ ಕೈ ನಡುಗುತ್ತದೆ, ಸೂಜಿಗೆ ದಾರ ಪೋಣಿಸಲಾರ. ಒಂದೇ ಬೆಲ್ಟನ್ನು ಬೆಳಿಗ್ಗೆಯಿಂದ ಸಂಜೆಯವರೆಗೂ ಉಜ್ಜುತ್ತಾನೆ. ಹಾದಿಹೋಕರು ಫೋಟೋ ತೆಗೆಯುತ್ತಾರೆ. ಎಲ್ಲ ಬ್ಯಾಗುಗಳನ್ನೂ ಅವನೊಬ್ಬನೇ ಮಾಡುತ್ತಾನೆ ಎಂದು ಗಿರಾಕಿಗಳ ನಂಬಿಕೆ. ನಾವು ಹಿಂದಿನ ಬಾಗಿಲಿನಿಂದ ಬಂದು ಹಿಂದಿನ ಬಾಗಿಲಿನಿಂದಲೇ ಹೋಗಬೇಕಿತ್ತು.

ಒಮ್ಮೆ ಒಂದು ಬ್ಯಾಗಿನ ಕೊಕ್ಕೆಯ ವಿಷಯ ಕೇಳಲು ಮೇಲೆ ಹೋದೆ. ಅದರ ಒಡತಿ ಅಲ್ಲೇ ನಿಂತಿದ್ದಾಳೆಂದು ನನಗೇನು ಗೊತ್ತು?

"ಇವಳ್ಯಾರು?" ಎಂದಳು.

"ನೆಲ ಒರೆಸೋಳು," ಎಂದ ಲಾನ್‌ಫ್ರೆದಿ. ಕಣ್ಣು ಕೂಡ ಮಿಟುಕಿಸಲಿಲ್ಲ.

"ಇಂಥವರ ಕೈಗೆಲ್ಲ ಯಾಕ್ ಕೊಡ್ತೀರ?" ಎಂದು ಅವಳು ನನ್ನ ಕೈಯಿಂದ ಬ್ಯಾಗನ್ನು ಕಿತ್ತುಕೊಂಡು ಕರವಸ್ತ್ರದಿಂದ ಹಿಡಿ ಒರೆಸಿದಳು. ಆ ಹಿಡಿಯನ್ನು ನಾನು ಮೂರು ದಿನ ಹೊಲಿದಿದ್ದೆ. ಒರೆಸ್ತೆ ತಲೆ ಎತ್ತಲಿಲ್ಲ. ನಾನು ಕೆಳಗೆ ಬಂದೆ. ಅವತ್ತು ಒಂದು ಮಾತಾದರೂ ಆಡಬೇಕಿತ್ತು. ಆಡಲಿಲ್ಲ.

ಮಿಮೋಜಾ ಬಂದು ಆರು ವರ್ಷವಾಗಿತ್ತು. ಅಲ್ಬೇನಿಯಾದ ಶ್ಕೋದ್ರಾದವಳು. ಗಟ್ಟಿ ದನಿ, ದೊಡ್ಡ ನಗು. ಪಾಲಕ್ ತುಂಬಿದ ಬ್ಯೂರೆಕ್ ಮಾಡಿ ತಂದು ಬೇಡವೆಂದರೂ ತಿನ್ನಿಸುತ್ತಿದ್ದಳು. ಅವಳು ಎಡಚಿ. ಎಡಗೈಯವರ ಹೊಲಿಗೆ ಇನ್ನೊಂದು ಮಗ್ಗುಲಿಗೆ ವಾಲುತ್ತದೆ. ತಿಳಿದವರ ಕಣ್ಣಿಗೆ ದೂರದಿಂದಲೇ ಗೊತ್ತಾಗುತ್ತದೆ. ಲಾನ್‌ಫ್ರೆದಿ ಮೊದಲು ಗೊಣಗಿದ. ಆಮೇಲೆ ಅವಳ ಕೈಯ ಚೊಕ್ಕತನ ನೋಡಿ ಬಾಯಿ ಮುಚ್ಚಿದ. ಅವಳ ಜಾಗ ಗೋಡೆಯ ಮೂಲೆಯಲ್ಲಿ. ಹೊಲಿಗೆಯ ಜೊತೆಗೆ ಲೈನಿಂಗ್ ಅಂಟಿಸುವುದೂ ಅವಳ ಪಾಲಿಗೇ ಬಂದಿತ್ತು.

ಇನೆಸ್ ಎಂಬವಳೊಬ್ಬಳಿದ್ದಳು. ಇದೇ ಊರಿನವಳು. ನಮ್ಮಿಬ್ಬರನ್ನೂ ಕಂಡರೆ ಆಗದು. "ತೊಗಲು ನಾರೋ ಊರಿಂದ ಒಬ್ಳು, ಸಮುದ್ರ ಈಜ್ಕೊಂಡು ಇನ್ನೊಬ್ಳು. ನಮ್ಮೂರ ಕೆಲ್ಸವೆಲ್ಲ ನಿಮಗೇ ಬಿಟ್ಟಿದೀವಿ ನೋಡು," ಎನ್ನುತ್ತಿದ್ದಳು.

"ನಿಮ್ಮೂರಲ್ಲಿ ನಿಂಗೂ ನೆಲದಡಿ ತಾನೇ ಕೊಟ್ಟಿರೋದು ಜಾಗ," ಎಂದು ಮಿಮೋಜಾ ನಗುತ್ತಿದ್ದಳು. ಇನೆಸ್‌ಗೆ ಇನ್ನೂ ಉರಿಯುತ್ತಿತ್ತು.

ಮೇ ತಿಂಗಳಲ್ಲಿ ಒಂದು ದಿನ ಮಿಮೋಜಾ ಊಟದ ಹೊತ್ತಿಗೆ ಅಂಗಳಕ್ಕೆ ಬಂದಳು. ಒಂದು ಕಾಲಲ್ಲಿ ಮಾತ್ರ ಚಪ್ಪಲಿ.

"ಇನ್ನೊಂದು ಎಲ್ಲೇ?" ಎಂದೆ.

ಅವಳು ಕೆಳಗೆ ನೋಡಿಕೊಂಡಳು. "ಅಯ್ಯೋ, ಮೆಟ್ಟಿಲಲ್ಲಿ ಬಿತ್ತೇನೋ. ಗೊತ್ತೇ ಆಗ್ಲಿಲ್ಲ ಕಣೇ."

ನಾವಿಬ್ಬರೂ ನಕ್ಕೆವು. ಅದು ನಗುವ ವಿಷಯವಲ್ಲವೆಂದು ವಾರದೊಳಗೆ ತಿಳಿಯಿತು. ಅವಳಿಗೆ ಪಾದ ನೆಲಕ್ಕೆ ತಾಗಿದ್ದೇ ಗೊತ್ತಾಗುತ್ತಿರಲಿಲ್ಲ. ಆಮೇಲೆ ಬೆರಳಿಗೆ ಬಂತು. ಸೂಜಿ ಜಾರುತ್ತಿತ್ತು. ಒಂದು ದಿನ ಕೆನೆಬಣ್ಣದ ಬ್ಯಾಗಿನ ಮೇಲೆ ರಕ್ತ ಕಂಡಿತು. ಸೂಜಿ ಬೆರಳಿಗೆ ಆಳವಾಗಿ ಹೊಕ್ಕಿದೆ. ಅವಳು ಹಾಡು ಗುನುಗುತ್ತಾ ಹೊಲಿಯುತ್ತಲೇ ಇದ್ದಾಳೆ.

"ಉಗುಳು," ಎಂದು ಬಟ್ಟೆ ಹಿಡಿದೆ. ತೊಗಲಿಗೆ ರಕ್ತ ತಾಗಿದರೆ ರಕ್ತ ಯಾರದೋ ಅವರ ಎಂಜಲಿನಿಂದಲೇ ಒರೆಸಬೇಕು, ಬೇಗ ಬಿಡುತ್ತದೆ ಎಂದು ನಮ್ಮ ಕಸುಬಿನವರ ನಂಬಿಕೆ.

ಅವಳು ಉಗುಳಿದಳು. ಆಮೇಲೆ ನನ್ನ ಮುಖ ನೋಡಿದಳು. ಕಣ್ಣಲ್ಲಿ ನೀರಿತ್ತು.

"ಯಾರ್ಗೂ ಹೇಳ್ಬೇಡ ಮೇನಾ. ಸೆಪ್ಟೆಂಬರಿಗೆ ನನ್ನ ಕರಾರು ಮುಗಿಯತ್ತೆ. ಗೊತ್ತಾದ್ರೆ ಈಗ್ಲೇ ಹೊರಗೆ ಹಾಕ್ತಾನೆ. ಬೇಸಿಗೆ ಕಳೀಲಿ, ರಜೆ ತಗೊಂಡ್ರೆ ಸರಿಹೋಗತ್ತೆ."

"ಹೇಳಲ್ಲ," ಎಂದೆ.

ಹೇಳಲಿಲ್ಲ. ಅಷ್ಟೇ ಅಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವಳ ಬ್ಯಾಗು ನನ್ನ ಮೇಜಿಗೆ ಬರುತ್ತಿತ್ತು. ಅವಳ ಸೊಟ್ಟ ಹೊಲಿಗೆ ಬಿಚ್ಚುತ್ತಿದ್ದೆ. ಅದೇ ತೂತುಗಳಲ್ಲಿ ಮತ್ತೆ ಹೊಲಿಯುತ್ತಿದ್ದೆ. ಹಿಂದಿನ ಸೂಜಿಯನ್ನು ಮುಂದೆ ಹಾಕಿದರೆ ಹೊಲಿಗೆ ಎಡಕ್ಕೆ ವಾಲುತ್ತದೆ. ಮೊದಮೊದಲು ಕೈ ತಡವರಿಸಿತು. ಜೂನ್ ಹೊತ್ತಿಗೆ ಎಷ್ಟು ಪಳಗಿತೆಂದರೆ ಮಿಮೋಜಾಳೇ ನೋಡಿ, "ಇದು ನಾನೇ ಹೊಲಿದಿದ್ದಲ್ವೇನೇ?" ಎಂದಳು. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆ ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಬ್ಯಾಗಿನ ಜೊತೆ ಅಂಗಡಿಯ ಲೆಕ್ಕಕ್ಕೆ ಇಡುವ ಚೀಟಿಯಲ್ಲಿ ಅವಳ ಹೆಸರೇ ಇರುತ್ತಿತ್ತು. ಅವಳು ಅದೇ ಮೂಲೆಯಲ್ಲಿ, ಅದೇ ಡಬ್ಬಿಯ ಮುಂದೆ, ಇನ್ನೂ ನಾಲ್ಕು ತಿಂಗಳು ಕೂತಳು. ನಾನು ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಸೆಪ್ಟೆಂಬರಿನಲ್ಲಿ ಲಾನ್‌ಫ್ರೆದಿ ಕರಾರು ಮುಂದುವರಿಸಲಿಲ್ಲ. ಅವಳು ನಡೆಯುವಾಗ ಪಾದ ಪಟಪಟ ಬಡಿಯುವುದನ್ನು ಅವನು ನೋಡಿದ್ದ. ಕಾರಣ ಕೇಳಿದರೆ "ಕೆಲ್ಸ ಕಡಿಮೆಯಾಗಿದೆ" ಎಂದ. ಮರುವಾರವೇ ಆ ಮೂಲೆಗೆ ಇನ್ನೊಬ್ಬಳನ್ನು ತಂದು ಕೂರಿಸಿದ, ಮುಂದಿನ ತಿಂಗಳು ಮತ್ತೊಬ್ಬಳನ್ನೂ ತಂದ. ನವೆಂಬರಿಗೆ ಮಿಮೋಜಾ ಎರಡು ಊರುಗೋಲಿನ ಮೇಲೆ ನಿಂತಳು. ಆಸ್ಪತ್ರೆಯಲ್ಲಿ ನರ ಸತ್ತಿದೆ, ಅಂಟಿನ ಗಾಳಿಯಿಂದ ಎಂದರು. ಕೆಲಸದಿಂದ ಬಂದ ರೋಗ ಎಂದು ಸರ್ಕಾರದ ಕಚೇರಿ ಒಪ್ಪಿದರೆ ಅವಳಿಗೆ ಚಿಕಿತ್ಸೆ, ಬದುಕಿರುವಷ್ಟು ದಿನ ಪಿಂಚಣಿ. ಒಪ್ಪದಿದ್ದರೆ ಏನೂ ಇಲ್ಲ. ಅವಳ ಗಂಡ ಎಂದೋ ಬಿಟ್ಟುಹೋಗಿದ್ದ.

ಜನವರಿಯಲ್ಲಿ ಲಾನ್‌ಫ್ರೆದಿ ನನ್ನನ್ನು ಮೇಲೆ ಕರೆದ. ಕುರ್ಚಿ ತೋರಿಸಿದ. ಕಾಫಿ ತರಿಸಿದ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಕಾಫಿ.

"ಗುರುವಾರ ಕಚೇರಿಯಿಂದ ಡಾಕ್ಟರ್ ಬರ್ತಾರೆ ಮೇನಾ. ಆ ಅಲ್ಬೇನಿಯಾದವಳ ವಿಷಯ. ಪಾಪ, ಕಷ್ಟದಲ್ಲಿದಾಳೆ, ಇಲ್ಲ ಅನ್ನಲ್ಲ. ಆದ್ರೆ ಇಲ್ಲಿಂದ ಹೋದ್ಮೇಲೆ ಅವ್ಳು ಮನೇಲಿ ಶೂ ಅಂಟಿಸ್ತಿದ್ಳಂತೆ. ಅಲ್ಲಿ ಬಂದಿದ್ದು ರೋಗ."

"ಅವಳು ಮನೇಲಿ ಏನೂ ಅಂಟಿಸ್ಲಿಲ್ಲ. ಅವಳ ಕೈಲಿ ಚಮಚ ನಿಲ್ತಿರ್ಲಿಲ್ಲ."

"ನೀನು ನೋಡಿದ್ಯಾ?" ಎಂದ. ಎದ್ದುಹೋಗಿ ಕಪಾಟಿನಿಂದ ಮೂರು ಬ್ಯಾಗು ತಂದು ಮೇಜಿನ ಮೇಲಿಟ್ಟ. ಅಂಗಡಿಯೇ ಹಳೆಯದನ್ನು ಕೊಂಡು, ರಿಪೇರಿ ಮಾಡಿಸಿ, ಮಾರಲು ಇಟ್ಟಿದ್ದ ಬ್ಯಾಗುಗಳು. ಜುಲೈ, ಆಗಸ್ಟ್, ಸೆಪ್ಟೆಂಬರ್. ಮೂರರಲ್ಲೂ ಅವಳ ಹೆಸರಿನ ಚೀಟಿ. "ಹೊಲಿಗೆ ನೋಡು. ಎಡಗೈ. ಒಂದಾದ್ರೂ ಸೊಟ್ಟ ಇದ್ಯಾ? ಬೆರಳು ಸತ್ತೋಳು ಹೀಗೆ ಹೊಲೀತಾಳಾ? ನೀನು ಒಂದೇ ಮಾತು ಹೇಳು. ಕೊನೇ ದಿನದವರೆಗೂ ಚೆನ್ನಾಗಿ ಕೆಲ್ಸ ಮಾಡಿದ್ಳು, ಅಷ್ಟೇ. ಸುಳ್ಳು ಹೇಳು ಅಂತಿದೀನಾ? ಹೊಗಳು ಅಂತಿದೀನಿ."

ನನ್ನ ಹೊಲಿಗೆ ನನ್ನ ಮುಂದೆಯೇ ಕೂತು ಅವಳ ಮೇಲೆ ಸಾಕ್ಷಿ ಹೇಳುತ್ತಿತ್ತು.

"ಮಾಸ್ತ್ರೋಗೆ ವಯಸ್ಸಾಯ್ತು," ಎಂದ ಲಾನ್‌ಫ್ರೆದಿ, ದನಿ ತಗ್ಗಿಸಿ. "ಗಾಜಿನ ಹಿಂದೆ ಒಬ್ಬ ಹೆಂಗಸು ಕೂತ್ರೆ ಈಗಿನ ಕಾಲಕ್ಕೆ ಚೆನ್ನಾಗಿರತ್ತೆ ಅಂತ ಯೋಚಿಸ್ತಿದೀನಿ. ಬೆಳಕಿದೆ, ಗಾಳಿಯಿದೆ. ನಿಂಗೂ ಐವತ್ತೆರಡಾಯ್ತಲ್ಲ."

ಸುಳ್ಳು ಯಾಕೆ ಹೇಳಲಿ, ಆಸೆಯಾಯಿತು. ಗಾಳಿಯ ಆಸೆ.

ಅದೇ ಸಂಜೆ ಮಿಮೋಜಾಳ ಮನೆಗೆ ಹೋದೆ. ಅವಳು ಅಡುಗೆಮನೆಯ ಕುರ್ಚಿಯಲ್ಲಿ ಕೂತು, ಈರುಳ್ಳಿಯನ್ನು ಎರಡು ಮುಂಗೈಗಳ ನಡುವೆ ಒತ್ತಿಹಿಡಿದು ಸಿಪ್ಪೆಯನ್ನು ಹಲ್ಲಿನಿಂದ ತೆಗೆಯಲು ನೋಡುತ್ತಿದ್ದಳು. ಕಿತ್ತುಕೊಂಡು ಹೆಚ್ಚಿಕೊಟ್ಟೆ. ಆಮೇಲೆ ಮೂರು ಬ್ಯಾಗಿನ ಕಥೆ ಹೇಳಿದೆ.

"ನೀನು ಅಷ್ಟು ಚೆನ್ನಾಗಿ ಹೊಲೀಬಾರ್ದಿತ್ತು," ಎಂದಳು.

"ಮಿಮೋಜಾ..."

"ಕೇಳಿದ್ದು ನಾನೇ. ನಿನ್ನನ್ನ ಬೈಯ್ಯಕ್ಕೂ ಬಾಯಿಲ್ಲ ನಂಗೆ. ಅದಕ್ಕೇ ಇನ್ನೂ ಸಿಟ್ಟು."

"ಒಳಗೆ ಗೊತ್ತಾಗತ್ತೆ," ಎಂದೆ. "ಲೈನಿಂಗ್ ಎತ್ತಿದ್ರೆ ಗೊತ್ತಾಗತ್ತೆ."

ಅವಳಿಗೆ ತಕ್ಷಣ ಅರ್ಥವಾಯಿತು. ಕಸುಬಿನವಳಲ್ಲವೇ? ಎಡಪಕ್ಕದ ಹೊಲಿಗೆಯನ್ನು ಬಲಗೈಯವರು ಬ್ಯಾಗಿನ ಬಾಯಿಯಿಂದ ಶುರುಮಾಡಿ ತಳದಲ್ಲಿ ಮುಗಿಸುತ್ತಾರೆ. ಎಡಗೈಯವರು ಬ್ಯಾಗನ್ನು ತಿರುಗಿಸಿ ಹಿಡಿಯುತ್ತಾರೆ, ತಳದಿಂದ ಹೊರಟು ಬಾಯಿಯಲ್ಲಿ ಮುಗಿಸುತ್ತಾರೆ. ಮುಗಿಸಿದ ಕಡೆ ಮೂರು ಹೊಲಿಗೆ ಹಿಂದಕ್ಕೆ ಹಾಕಿ ದಾರ ಕತ್ತರಿಸಬೇಕು. ಆ ಮೂರು ದಪ್ಪ ಹೊಲಿಗೆಗಳ ತುದಿ ಒಳಗೆ, ಲೈನಿಂಗಿನ ಅಡಿಯಲ್ಲಿ ಉಳಿಯುತ್ತದೆ. ಹೊರಮುಖವನ್ನು ಅವಳಂತೆ ವಾಲಿಸಿದ್ದೆ. ಕೊನೆಯನ್ನು ಮಾತ್ರ ನನ್ನ ಅಭ್ಯಾಸದಂತೆಯೇ ಕಟ್ಟಿದ್ದೆ. ಅರ್ಧ ಗಂಟೆಯ ಊಟದ ಬಿಡುವಿನಲ್ಲಿ ಅದನ್ನೂ ತಿರುಗಿಸುವಷ್ಟು ಹೊತ್ತಿರಲಿಲ್ಲ.

"ಹಾಗಾದ್ರೆ ತೆರೆದು ತೋರ್ಸು," ಎಂದಳು.

"ತೆರೆದ್ರೆ ನನ್ನ ಕೆಲ್ಸ ಹೋಗತ್ತೆ. ಚೀಟೀಲಿ ನಿನ್ನ ಹೆಸರು ಬರೆದು ಮೋಸ ಮಾಡಿದ್ಳು ಅಂತಾನೆ."

"ನನ್ನ ಕಾಲು ಹೋಯ್ತು," ಎಂದಳು ಮಿಮೋಜಾ. ಕೂಗಲಿಲ್ಲ. ಈರುಳ್ಳಿಯ ತಟ್ಟೆಯನ್ನು ಮುಂಗೈಯಿಂದ ನನ್ನ ಕಡೆ ತಳ್ಳಿ, "ಇದನ್ನ ಒಲೆ ಹತ್ರ ಇಟ್ಟು ಹೋಗು," ಎಂದಳು. ಇಟ್ಟು ಬಂದೆ.

ಗುರುವಾರ ಬೆಳಿಗ್ಗೆ ಡಾಕ್ಟರ್ ಬಂದರು. ನಲವತ್ತರ ಹೆಂಗಸು, ನೆಗಡಿಯಾಗಿತ್ತು, ಮೂಗು ಒರೆಸಿಕೊಳ್ಳುತ್ತಲೇ ಬರೆಯುತ್ತಿದ್ದರು. ನನ್ನನ್ನು ಮೇಲೆ ಕರೆಸಿದಾಗ ಮೇಜಿನ ಮೇಲೆ ಕಾಫಿ, ಬಿಸ್ಕತ್ತು, ಮೂರು ಬ್ಯಾಗು. ಡಾಕ್ಟರ್ ಕೆಳಗೆ ಇಳಿದೇ ಇರಲಿಲ್ಲ. ಅವರು ಕೋಟಿನ ಗುಂಡಿ ಬಿಚ್ಚಿರಲಿಲ್ಲ, ಹೊರಡುವ ಆತುರ ಕಾಣುತ್ತಿತ್ತು.

"ಇವಳೇ ಮೇನಾ. ನಮ್ಮಲ್ಲಿ ಹಳಬಳು. ಪಕ್ಕದ ಮೇಜು," ಎಂದ ಲಾನ್‌ಫ್ರೆದಿ. ಇವತ್ತು ನಾನು ನೆಲ ಒರೆಸುವವಳಲ್ಲ.

"ಸೆಪ್ಟೆಂಬರ್‌ವರೆಗೂ ಅವರ ಕೆಲಸ ಹೇಗಿತ್ತು?" ಎಂದರು ಡಾಕ್ಟರ್, ತಲೆಯೆತ್ತದೆ.

"ಗೊತ್ತಿಲ್ಲ," ಎಂದೆ. "ಮೇ ತಿಂಗಳಿಂದ ಅವಳ ಹೊಲಿಗೆ ಹೊಲಿದಿದ್ದು ನಾನು. ಈ ಮೂರೂ ನಂದೇ."

ಡಾಕ್ಟರ್ ಪೆನ್ನು ನಿಲ್ಲಿಸಿದರು. ಲಾನ್‌ಫ್ರೆದಿ ನಕ್ಕ.

"ಸ್ನೇಹಿತೆ, ಪಾಪ, ಕರುಳು ಚುರುಕ್ ಅಂತಿದೆ. ಮೇಡಂ, ಇದು ಎಡಗೈ ಹೊಲಿಗೆ. ಇವ್ಳು ಬಲಗೈಯೋಳು. ನಿಮಗೆ ನನ್ನ ಮಾತು ಬೇಡ. ಮಾಸ್ತ್ರೋ, ಸ್ವಲ್ಪ ಬನ್ನಿ ಇಲ್ಲಿ. ಇದು ಯಾವ ಕೈ?"

ಒರೆಸ್ತೆ ಗಾಜಿನ ಹಿಂದಿನಿಂದ ಎದ್ದು ಬಂದ. ಬ್ಯಾಗನ್ನು ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ಹೊಲಿಗೆ ಸವರಿದ. "ಎಡಗೈ," ಎಂದ.

"ಕೇಳಿದ್ರಲ್ಲ," ಎಂದ ಲಾನ್‌ಫ್ರೆದಿ.

"ಲೈನಿಂಗ್ ತೆಗೀತೀನಿ," ಎಂದೆ. "ಒಳಗೆ ನೋಡ್ಲಿ."

"ಮುಟ್ಟಿದ್ರೆ ನೋಡು!" ಅವನು ಬ್ಯಾಗನ್ನು ಎದೆಗೆ ಅವಚಿಕೊಂಡ. "ನೂರು ವರ್ಷದ ಬ್ಯಾಗು ಇದು. ಇದ್ರ ಬೆಲೆ ಗೊತ್ತಾ ನಿಂಗೆ?"

ನಾನು ಅವನ ಮುಂದೆ ಹೋಗಿ ನಿಂತೆ.

"ಅದ್ರ ಬೆಲೆ ಎಷ್ಟಾದ್ರೂ ಇರ್ಲಿ, ಅದನ್ನ ಬದುಕಿಸಿದ್ದು ನನ್ನ ಕೈ. ಅದಕ್ಕೆ ಧೂಳು ಕೂರಬಾರದು ಅಂತ ನಮ್ಮ ಮೂಗಿಗೆ ವಿಷ ಹಾಕಿದ್ರಿ ನೀವು. ಮಿಮೋಜಾ ಈರುಳ್ಳಿ ಸುಲಿಯಕ್ಕೆ ಆಗ್ದೆ ಕೂತಿದಾಳೆ. ನೀವು ತೊಗಲನ್ನ ತಬ್ಕೊಂಡು ನಿಂತಿದೀರ. ಕೆಳಗಿಡಿ ಅದನ್ನ."

ಇಡಲಿಲ್ಲ. ಮೇಜಿನ ಮೇಲೆ ಇನ್ನೂ ಎರಡಿದ್ದವು. ಒಂದನ್ನು ಎಳೆದುಕೊಂಡೆ. ಒರೆಸ್ತೆಯ ಮೇಜಿನ ಚಾಕು ತೆಗೆದುಕೊಂಡೆ. ಅದು ಮೊಂಡು. ನೋಡುವವರಿಗಾಗಿ ಇಟ್ಟ ಚಾಕು, ಯಾವತ್ತೂ ಸಾಣೆ ಕಂಡಿಲ್ಲ. ಬಿಸಾಕಿ ನನ್ನ ಏಪ್ರನ್ ಜೇಬಿನ ಚಾಕು ತೆಗೆದೆ. ಲಾನ್‌ಫ್ರೆದಿ ನನ್ನ ರಟ್ಟೆ ಹಿಡಿದ. ಡಾಕ್ಟರ್ ಎದ್ದು ನಿಂತು, "ಕೈ ಬಿಡಿ ಅವರದ್ದು," ಎಂದರು. ಬಿಟ್ಟ. ಬಾಯಿಯ ಅಂಚಿನಿಂದ ತಳದವರೆಗೆ ಎಡಪಕ್ಕದ ಲೈನಿಂಗ್ ಸೀಳಿದೆ. ಮಿಮೋಜಾ ಅಂಟಿಸಿದ್ದ ರೇಷ್ಮೆ. ಪರ್ರೆಂದು ಬಿಟ್ಟುಕೊಂಡಿತು.

"ಇಲ್ಲಿ ನೋಡಿ. ಹೊಲಿಗೆ ತಳದಲ್ಲಿ ಮುಗಿದಿದೆ. ಮೂರು ಹೊಲಿಗೆ ಹಿಂದಕ್ಕೆ ಬಂದಿದೆ. ಎಡಗೈಯೋರು ಮೇಲೆ ಮುಗಿಸ್ತಾರೆ."

"ನನಗೆ ಈ ಕೆಲಸ ಗೊತ್ತಿಲ್ಲ," ಎಂದರು ಡಾಕ್ಟರ್. "ನೀವು ಹೇಳೋದು ನಿಜ ಅಂತ ನಾನು ಹೇಗೆ ನಂಬಲಿ?"

ನಾನು ಒರೆಸ್ತೆಯನ್ನು ನೋಡಿದೆ. ಲಾನ್‌ಫ್ರೆದಿಯೂ ನೋಡಿದ. ಮುದುಕ ಕನ್ನಡಕ ತೆಗೆದು ಏಪ್ರನ್ನಿನಿಂದ ಒರೆಸಿದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ. ಅವನಿಗೂ ಈ ಗಾಜಿನ ಹಿಂದಿನ ಕುರ್ಚಿ ಬಿಟ್ಟರೆ ಬೇರೆ ಗತಿಯಿಲ್ಲ. ನನಗೆ ಅವನ ಮೇಲೆ ಭರವಸೆಯೂ ಇರಲಿಲ್ಲ. ನೆಲ ಒರೆಸುವವಳು ಎಂದ ದಿನ ಅವನೂ ಇಲ್ಲೇ ಕೂತಿದ್ದ.

"ನಾಚಿಕೆಯಾಗತ್ತೆ ನಂಗೆ," ಎಂದ ಒರೆಸ್ತೆ. ಡಾಕ್ಟರಿಗೆ ಹೇಳಿದನೋ ನನಗೆ ಹೇಳಿದನೋ ತಿಳಿಯಲಿಲ್ಲ. ಬಾಗಿ ಆ ಮೂರು ಹೊಲಿಗೆಯ ಮೇಲೆ ಬೆರಳಿಟ್ಟ. "ಇದು ಬಲಗೈ. ಹೊರಗಡೆ ಆಟ ಆಡಿಸಿದಾಳೆ, ನಾನೂ ಮೋಸ ಹೋದೆ. ಈ ಕೊನೆ ಮಾತ್ರ ಇವಳದೇ. ದಾರಾನ ಹೀಗೆ ಓರೆಯಾಗಿ ಕತ್ತರಿಸೋದು ಇವ್ಳಿಗೆ ಕಲಿಸಿದ್ದು ನಾನು. ಇನ್ನೆರಡನ್ನೂ ತೆರೀರಿ. ಹಾಗೇ ಇರತ್ತೆ."

"ಮಾಸ್ತ್ರೋ!" ಎಂದ ಲಾನ್‌ಫ್ರೆದಿ.

"ನಾನು ಎಷ್ಟೋ ವರ್ಷದಿಂದ ಒಂದು ಬ್ಯಾಗೂ ಹೊಲಿದಿಲ್ಲ ಮೇಡಂ. ಅದನ್ನೂ ಬರ್ಕೊಳಿ," ಎಂದ ಒರೆಸ್ತೆ.

ಡಾಕ್ಟರ್ ಬರೆದುಕೊಂಡರು. ನಾನು ಉಳಿದೆರಡರ ಲೈನಿಂಗನ್ನೂ ಸೀಳಿದೆ. ಒಂದನ್ನು ಲಾನ್‌ಫ್ರೆದಿ ತಾನಾಗಿಯೇ ಮೇಜಿನ ಮೇಲೆ ಹಾಕಿದ. ಅವನ ಮುಖ ಕೆಂಪಾಗಿತ್ತು.

"ಸರಿ, ಹೊಲಿದಿದ್ದು ಇವ್ಳೇ ಅಂತಿಟ್ಕೊಳ್ಳಿ. ಹಾಗಾದ್ರೆ ಕಳ್ಳಿ ಯಾರು? ಕಾಯಿಲೆ ಮುಚ್ಚಿಟ್ಟೋಳು ಯಾರು? ನಂಗೆ ಹೇಳಿದ್ರೆ ನಾನೇ ಆಸ್ಪತ್ರೆಗೆ ಕಳಿಸ್ತಿದ್ದೆ."

"ಬೀದಿಗೆ ಕಳಿಸ್ತಿದ್ರಿ," ಎಂದೆ.

ಡಾಕ್ಟರ್ ನನ್ನನ್ನು ನೋಡುತ್ತಿದ್ದರು. "ಮೇ ತಿಂಗಳಿಂದ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಕಾಲು, ಬೆರಳು, ಎರಡೂ?"

"ಎರಡೂ."

ಅವರು ಮೂಗು ಒರೆಸಿಕೊಂಡರು. ಹೇಳಬೇಕೋ ಬೇಡವೋ ಎಂದು ಯೋಚಿಸಿದಂತೆ ಕಂಡಿತು. "ಈ ರೋಗ ಶುರುವಿನಲ್ಲೇ ಸಿಕ್ಕರೆ, ಆ ಗಾಳಿಯಿಂದ ದೂರ ಇಟ್ಟರೆ, ಬಹಳ ಸಲ ನರ ಮತ್ತೆ ಚಿಗುರುತ್ತೆ. ಮೇ ತಿಂಗಳಲ್ಲಿ ಅವರು ಆ ಕೋಣೆಯಿಂದ ಆಚೆ ಬಂದಿದ್ದರೆ ಇವತ್ತು ಬಹುಶಃ ನಡೀತಿದ್ದರು."

ಗಾಜಿನಾಚೆ ಯಾರೋ ಒಬ್ಬ ಖಾಲಿ ಕುರ್ಚಿಯ ಫೋಟೋ ತೆಗೆಯುತ್ತಿದ್ದ. ನಾಲ್ಕು ತಿಂಗಳು. ಪ್ರತಿ ಮಧ್ಯಾಹ್ನ. ಅವಳನ್ನು ಆ ಮೂಲೆಯಲ್ಲೇ ಕಟ್ಟಿಹಾಕಿದ್ದು ನಾನು. ಲಾನ್‌ಫ್ರೆದಿ ಹಾಕಿದ ವಿಷಕ್ಕೆ ನಾನು ಹೊಲಿಗೆ ಹಾಕಿದೆ. ಅಲ್ಲೇ ಬಿದ್ದು ಅಳಬೇಕೆನ್ನಿಸಿತು. ಅತ್ತರೆ ಅವನಿಗೇ ಲಾಭ.

"ಅದನ್ನೂ ಬರ್ಕೊಳಿ," ಎಂದೆ. "ನನ್ನ ಹೆಸರು ಹಾಕಿ ಬರ್ಕೊಳಿ. ಆಮೇಲೆ ಕೆಳಗೆ ಬನ್ನಿ. ಅಲ್ಲಿ ಇನ್ನೂ ಮೂರು ಜನ ಇದಾರೆ."

"ಕೆಳಗೆ ಏನಿದೆ? ಬರೀ ಗೋದಾಮು," ಎಂದು ಲಾನ್‌ಫ್ರೆದಿ ಮೆಟ್ಟಿಲಿಗೆ ಅಡ್ಡ ಹೋದ. ಡಾಕ್ಟರ್ ಅವನನ್ನು ದಾಟಿ ನನ್ನ ಹಿಂದೆಯೇ ಇಳಿದರು. ಕೊನೆಯ ಮೆಟ್ಟಿಲಲ್ಲಿ ಕೊರಳಿನ ಶಾಲನ್ನು ಮೂಗಿಗೆ ಒತ್ತಿಕೊಂಡರು. ನೆಗಡಿಯ ಮೂಗಿಗೂ ತಾಗಿತ್ತು ಆ ವಾಸನೆ.

ಮೂವರೂ ಸೂಜಿ ಹಿಡಿದು ಕೂತಿದ್ದರು. ಹೊಸಬರಿಬ್ಬರು ಗೋಡೆಯ ಕಡೆ, ಇನೆಸ್ ದೀಪದ ಕೆಳಗೆ. ಮಿಮೋಜಾಳ ಮೂಲೆಯಲ್ಲಿ ಡಬ್ಬಿ ಬಾಯಿ ತೆರೆದಿತ್ತು. ಯಾರೂ ಏಳಲಿಲ್ಲ. ಎಲ್ಲರ ಕಣ್ಣೂ ಮೆಟ್ಟಿಲ ಮೇಲೆ ನಿಂತ ಯಜಮಾನನ ಮೇಲೆ.

"ಇವ್ರು ಡಾಕ್ಟರ್," ಎಂದೆ. "ಮಿಮೋಜಾಗೆ ಆಗಿದ್ದು ನಿಮಗೂ ಆಗಿದ್ರೆ ಈಗ ಹೇಳಿ. ಬೆರಳು ಜೋಮು ಹಿಡ್ದಿದ್ಯಾ? ಕಾಲು ನೆಲಕ್ಕೆ ತಾಗೋದು ಗೊತ್ತಾಗತ್ತಾ? ಮುಚ್ಚಿಡಬೇಡಿ. ನಾನು ಮುಚ್ಚಿಟ್ಟು ಅವಳನ್ನ ಕುಂಟಿ ಮಾಡಿದೀನಿ."

"ಅವ್ರು ಆರಾಮಾಗಿದಾರೆ," ಎಂದ ಲಾನ್‌ಫ್ರೆದಿ ಮೇಲಿನಿಂದ. "ಹೇಳ್ರಮ್ಮ, ಆರಾಮಾಗಿದೀರಿ ತಾನೇ?"

ಹೊಸಬರಿಬ್ಬರೂ ತಲೆ ತಗ್ಗಿಸಿದರು. ಇನ್ನು ಯಾರೂ ಬಾಯಿ ಬಿಡುವುದಿಲ್ಲ ಎಂದುಕೊಂಡೆ.

ಇನೆಸ್ ಮಡಿಲಿನ ಬ್ಯಾಗನ್ನು ಕೆಳಗಿಟ್ಟಳು. ನನ್ನ ಮುಖ ನೋಡಲಿಲ್ಲ. "ನಂಗೆ ಆಗಸ್ಟಿಂದ," ಎಂದಳು.

ಎರಡು ಮೊಳದಾಚೆಯ ಮೇಜು ಅವಳದು. ಅವಳ ಒಂದು ಹೊಲಿಗೆಯೂ ಸೊಟ್ಟ ಹೋಗಿರಲಿಲ್ಲ.

"ಮತ್ತೆ ನಿಂಗೆ ಯಾರೇ ಹೊಲೀತಿದ್ದಿದ್ದು?" ಎಂದೆ.

"ನಂಗೆ ಯಾರಿದಾರೆ?" ಎಂದು ಇನೆಸ್ ಕೆಳತುಟಿ ಎಳೆದು ಹಲ್ಲು ತೋರಿಸಿದಳು. ಮುಂದಿನ ಎರಡು ಹಲ್ಲು ಅಂಚು ಮುರಿದು ಮೊಂಡಾಗಿದ್ದವು. "ಸೂಜೀನ ಹಲ್ಲಲ್ಲಿ ಕಚ್ಚಿ ಎಳೀತಿದ್ದೆ."